ಐಸಿಯು ಹೊರಗೆ ಮೂವತ್ತು ಮಂದಿ, ಹಾಸಿಗೆಯ ಪಕ್ಕ ಯಾರೂ ಇಲ್ಲ

ಸಂಜೆ ಐದರ ಹೊತ್ತಿಗೆ ದೊಡ್ಡ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದ ಹೊರಗೆ ನಿಂತು ನೋಡಿ. ನಮ್ಮವರನ್ನು ಗುರುತಿಸುವುದು ಕಷ್ಟವಲ್ಲ. ಊರಿನಿಂದ ಎರಡು ಮೂರು ವಾಹನಗಳಲ್ಲಿ ಬಂಧುಗಳು ಬಂದಿಳಿದಿರುತ್ತಾರೆ. ನೆರೆಮನೆಯವರು, ಜಮಾಅತಿನ ಹಿರಿಯರು, ಗಲ್ಫ್‌ನಿಂದ ರಜೆಯಲ್ಲಿ ಬಂದ ಅಳಿಯ, ಎಲ್ಲರೂ ಇರುತ್ತಾರೆ. ರೋಗಿಯನ್ನು ಸಂದರ್ಶಿಸುವುದು ಒಬ್ಬ ಮುಸ್ಲಿಮನ ಮೇಲೆ ಇನ್ನೊಬ್ಬ ಮುಸ್ಲಿಮನಿಗಿರುವ ಹಕ್ಕುಗಳಲ್ಲಿ ಒಂದೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಅದನ್ನು ನಮ್ಮ ಸಮುದಾಯ ಮರೆತಿಲ್ಲ ಎಂಬುದು ಸಂತೋಷದ ವಿಷಯವೇ.

ಆದರೆ ಬಾಗಿಲಿನ ಒಳಗೆ ಏನಿದೆ? ಮೂಗಿಗೆ, ಬಾಯಿಗೆ, ತೋಳಿಗೆ ಕೊಳವೆಗಳನ್ನು ಹಾಕಿಸಿಕೊಂಡು ಒಬ್ಬರು ಮಲಗಿದ್ದಾರೆ. ಹಗಲೋ ರಾತ್ರಿಯೋ ತಿಳಿಯದಂತೆ ದೀಪಗಳು ಉರಿಯುತ್ತಿವೆ, ಯಂತ್ರಗಳು ಕೂಗುತ್ತಿವೆ. ಸುತ್ತ ಓಡಾಡುವವರ ಮುಖಗಳೆಲ್ಲ ಮಾಸ್ಕಿನೊಳಗೆ. ದಿನಕ್ಕೆ ಎರಡು ಬಾರಿ, ಹತ್ತು ಹತ್ತು ನಿಮಿಷ, ಹೊರಗಿದ್ದವರಲ್ಲಿ ಒಬ್ಬೊಬ್ಬರೇ ಬಂದು ಕಾಲ ಬುಡದಲ್ಲಿ ನಿಂತು ಕಣ್ಣೊರೆಸಿಕೊಂಡು ಹೋಗುತ್ತಾರೆ. ಉಳಿದ ಇಪ್ಪತ್ತಮೂರು ಗಂಟೆಗೂ ಹೆಚ್ಚು ಕಾಲ ಆ ಮನುಷ್ಯ ಒಂಟಿ.

ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ. ಈ ಲೆಕ್ಕ ತಲೆಕೆಳಗಾಗಿದೆ. ಹೊರಗಿನ ಮೂವತ್ತು ಮಂದಿ ಮನೆಗೆ ಹೋಗಬೇಕು, ಒಳಗೆ ಒಬ್ಬರು ಇರಬೇಕು. ಇದು ಕೇವಲ ಭಾವನೆಯ ಮಾತಲ್ಲ. ಅರಿವಳಿಕೆ ಮತ್ತು ತೀವ್ರ ನಿಗಾ ವೈದ್ಯಶಾಸ್ತ್ರದಲ್ಲಿ ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ನಡೆದಿರುವ ಸಂಶೋಧನೆಗಳು ಹೆಚ್ಚುಕಡಿಮೆ ಇದೇ ದಿಕ್ಕಿನಲ್ಲಿ ಬೆರಳು ತೋರಿಸುತ್ತಿವೆ.

ನನಗೆ ಪರಿಚಯದ ಒಂದು ಮನೆಯಲ್ಲಿ ನಡೆದ ಸಂಗತಿಯನ್ನು ಹೇಳುತ್ತೇನೆ. ಎಪ್ಪತ್ತು ದಾಟಿದ ಹಿರಿಯರೊಬ್ಬರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ನಿಗಾ ಘಟಕದಲ್ಲಿ ಎರಡನೆಯ ರಾತ್ರಿ ಅವರು ಮಾಡಿನ ಮೇಲೆ ಇರುವೆಗಳ ಸಾಲು ಹರಿಯುತ್ತಿದೆ ಎಂದರು. ತನ್ನನ್ನು ಯಾರೋ ಮಾರಿಬಿಟ್ಟಿದ್ದಾರೆ ಎಂದು ನರ್ಸ್ ಮೇಲೆ ಕೈ ಎತ್ತಿದರು. ಜೀವನದಲ್ಲಿ ಒಂದು ಕೆಟ್ಟ ಮಾತು ಆಡದವರು ಬೈಯತೊಡಗಿದರು. ಕೊಳವೆ ಕೀಳುತ್ತಾರೆಂದು ಕೈಗಳನ್ನು ಮಂಚಕ್ಕೆ ಕಟ್ಟಿದರು. ಮರುದಿನ ಮಗಳನ್ನೇ ಗುರುತಿಸಲಿಲ್ಲ. ಹೊರಗಿದ್ದ ಬಂಧುಗಳಲ್ಲಿ ಪಿಸುಮಾತು ಹಬ್ಬಿತು. ಒಬ್ಬರು ಜಿನ್ನ್‌ನ ಉಪಟಳ ಎಂದರು. ಇನ್ನೊಬ್ಬರು ಅರಿವಳಿಕೆ ಮದ್ದು ತಲೆಗೇರಿದೆ, ಇನ್ನು ಇವರು ಹೀಗೆಯೇ ಎಂದರು. ಉಸ್ತಾದರನ್ನು ಕರೆತರಲು ಕಾರು ಹೊರಟಿತು.

ಅದು ಡೆಲಿರಿಯಮ್. ನಮ್ಮ ಅಜ್ಜಿಯಂದಿರು ಇದನ್ನೇ ಸನ್ನಿ ಎನ್ನುತ್ತಿದ್ದರು. ದೇಹದಲ್ಲಿ ಎಲ್ಲೋ ಏರುಪೇರಾದಾಗ ಮೆದುಳು ಹಠಾತ್ತಾಗಿ ಹಳಿ ತಪ್ಪುವ ಸ್ಥಿತಿ. ಸೋಂಕು, ರಕ್ತದಲ್ಲಿ ಉಪ್ಪಿನಂಶದ ಏರಿಳಿತ, ಆಮ್ಲಜನಕದ ಕೊರತೆ, ತಡೆಯಲಾಗದ ನೋವು, ಕಟ್ಟಿಕೊಂಡ ಮೂತ್ರ, ಮಲಬದ್ಧತೆ, ನಿದ್ರೆಗೇಡು, ಕೆಲವು ಔಷಧಗಳು, ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ಹಲವು ಒಟ್ಟಿಗೆ ಸೇರಿರುವುದೇ ಹೆಚ್ಚು. ಬೆಳಿಗ್ಗೆ ಸರಿಯಿದ್ದವರು ಸಂಜೆಗೆ ಬದಲಾಗುತ್ತಾರೆ, ಮತ್ತೆ ಸರಿಯಾಗುತ್ತಾರೆ, ಮತ್ತೆ ಕೆಡುತ್ತಾರೆ. ಈ ಏರಿಳಿತವೇ ಅದರ ಗುರುತು.

ಕೂಗಾಡುವವರನ್ನು ಎಲ್ಲರೂ ಗಮನಿಸುತ್ತಾರೆ. ಆದರೆ ಇನ್ನೊಂದು ಬಗೆಯ ಸನ್ನಿ ಇದೆ. ಅದರಲ್ಲಿ ರೋಗಿ ಸುಮ್ಮನೆ ಬಿದ್ದಿರುತ್ತಾರೆ. ಕರೆದರೆ ತಡವಾಗಿ ಕಣ್ಣು ತೆರೆಯುತ್ತಾರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುತ್ತಾರೆ, ಮತ್ತೆ ಮುಚ್ಚಿಕೊಳ್ಳುತ್ತಾರೆ. ‘ಅಲ್‌ಹಮ್ದುಲಿಲ್ಲಾಹ್, ಅಬ್ಬ ಶಾಂತವಾಗಿ ಮಲಗಿದ್ದಾರೆ’ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಕಣ್ತಪ್ಪಿ ಹೋಗುವುದು ಈ ಬಗೆಯೇ.

ಇದು ಅಪರೂಪದ ವಿಷಯವೆಂದು ತಿಳಿಯಬೇಡಿ. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ತಜ್ಞ ವೆಸ್ಲಿ ಈಲಿ, ಭಾರತೀಯ ಮೂಲದ ಅರಿವಳಿಕೆ ತಜ್ಞ ಪ್ರತೀಕ್ ಪಂಢರಿಪಾಂಡೆ ಮತ್ತವರ ಸಂಗಡಿಗರು ನಿಗಾ ಘಟಕಗಳಲ್ಲಿದ್ದ 821 ರೋಗಿಗಳನ್ನು ಹಿಂಬಾಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಸ್ಪತ್ರೆಯಲ್ಲಿದ್ದಾಗ ಅವರಲ್ಲಿ ಶೇ. 74 ಮಂದಿಗೆ ಡೆಲಿರಿಯಮ್ ಬಂದಿತ್ತು. ಮೂರು ತಿಂಗಳ ಬಳಿಕ ಪರೀಕ್ಷಿಸಿದಾಗ ಶೇ. 40 ಮಂದಿಯ ಯೋಚನಾಶಕ್ತಿ, ತಲೆಗೆ ಸಾಧಾರಣ ಮಟ್ಟದ ಪೆಟ್ಟು ಬಿದ್ದವರ ಮಟ್ಟದಲ್ಲಿತ್ತು. ಸನ್ನಿ ಹೆಚ್ಚು ದಿನ ಇದ್ದಷ್ಟೂ ಮುಂದಿನ ಮರೆವು ಹೆಚ್ಚು. ಮುಪ್ಪಿನವರಿಗೆ ಮಾತ್ರ ಹೀಗಾಗುವುದೂ ಅಲ್ಲ, ಕಿರಿಯರಿಗೂ ಆಗಿತ್ತು. ಹಾಗಾಗಿ ‘ಎರಡು ದಿನ ತಲೆ ಕೆಟ್ಟಿತ್ತು, ಸರಿಹೋಯಿತು’ ಎಂದು ತಳ್ಳಿಹಾಕುವಂತಿಲ್ಲ.

ಹಾಗಾದರೆ ಮದ್ದು? ದಶಕಗಳಿಂದ ಕೊಡುತ್ತಿದ್ದ ಹ್ಯಾಲೊಪೆರಿಡಾಲ್ ಎಂಬ ಔಷಧವನ್ನು ಅಮೆರಿಕದ 16 ಆಸ್ಪತ್ರೆಗಳಲ್ಲಿ 566 ರೋಗಿಗಳ ಮೇಲೆ ಸರಿಯಾಗಿ ಪರೀಕ್ಷಿಸಲಾಯಿತು. 2018ರಲ್ಲಿ ಬಂದ ಉತ್ತರ ನಿರಾಶಾದಾಯಕ. ಬರೀ ಸಲೈನ್ ನೀರು ಕೊಟ್ಟವರಿಗಿಂತ ಆ ಔಷಧ ಪಡೆದವರ ಸನ್ನಿ ಬೇಗ ಇಳಿಯಲಿಲ್ಲ. ತೀರಾ ಉದ್ರೇಕಗೊಂಡು ತನಗೇ ಅಪಾಯ ತಂದುಕೊಳ್ಳುವ ರೋಗಿಗೆ ವೈದ್ಯರು ಇಂತಹ ಔಷಧ ಕೊಡಬಹುದು, ಅದು ಬೇರೆ ಮಾತು. ಆದರೆ ಸನ್ನಿಯನ್ನು ಓಡಿಸುವ ಚುಚ್ಚುಮದ್ದು ಎಂಬುದು ಇಲ್ಲ. ಕಾರಣ ಹುಡುಕಿ ಸರಿಪಡಿಸಬೇಕು, ಮತ್ತು ಮೆದುಳಿಗೆ ದಾರಿ ತೋರಿಸಬೇಕು.

ಈ ‘ದಾರಿ ತೋರಿಸುವ’ ಕೆಲಸವನ್ನು ಮೊದಲು ಪದ್ಧತಿಯಾಗಿ ಮಾಡಿ ತೋರಿಸಿದವರು ಯೇಲ್ ವಿಶ್ವವಿದ್ಯಾಲಯದ ಶೆರನ್ ಇನೌಯೆ. ಆಸ್ಪತ್ರೆಗೆ ದಾಖಲಾದ 70 ವರ್ಷ ಮೀರಿದವರಿಗೆ ಅವರ ತಂಡ ಮಾಡಿದ್ದು ತೀರಾ ಸರಳ ಕೆಲಸಗಳು. ಕನ್ನಡಕ ಹಾಕಿಸುವುದು, ಕಿವಿಯ ಯಂತ್ರ ತೊಡಿಸುವುದು, ಇಂದು ಯಾವ ದಿನ, ಎಲ್ಲಿದ್ದೀರಿ ಎಂದು ಹೇಳುತ್ತಿರುವುದು, ನೀರು ಕುಡಿಸುವುದು, ಎಬ್ಬಿಸಿ ನಡೆಸುವುದು, ರಾತ್ರಿ ಸದ್ದು ಕಡಿಮೆ ಮಾಡಿ ನಿದ್ರೆಗೆ ಬಿಡುವುದು. 1999ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮಾಮೂಲಿ ಆರೈಕೆ ಪಡೆದವರಲ್ಲಿ ಶೇ. 15ರಷ್ಟು ಮಂದಿಗೆ ಸನ್ನಿ ಬಂದರೆ, ಈ ಆರೈಕೆ ಪಡೆದವರಲ್ಲಿ ಶೇ. 9.9.

ಅಲ್ಲಿ ಈ ಕೆಲಸಕ್ಕೆ ತರಬೇತಾದ ಸ್ವಯಂಸೇವಕರಿದ್ದರು. ಚೀನಾದ ಚೆಂಗ್ಡು ನಗರದ ವೆಸ್ಟ್ ಚೈನಾ ಆಸ್ಪತ್ರೆಯವರು ಒಂದು ಹೆಜ್ಜೆ ಮುಂದೆ ಹೋದರು. ರೋಗಿಯ ಪಕ್ಕ ಮನೆಯವರು ಇದ್ದೇ ಇರುತ್ತಾರಲ್ಲ, ಅವರಿಗೇ ಏಕೆ ಕಲಿಸಬಾರದು ಎಂದುಕೊಂಡರು. ಶಸ್ತ್ರಚಿಕಿತ್ಸೆಯಾದ 70 ಮೀರಿದ 281 ಮಂದಿಯಲ್ಲಿ ಇದನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಮಾಮೂಲಿ ಆರೈಕೆಯಲ್ಲಿ ಶೇ. 19.4 ಮಂದಿಗೆ ಸನ್ನಿ. ಕುಟುಂಬದವರನ್ನು ಸೇರಿಸಿಕೊಂಡು ಆರೈಕೆ ಮಾಡಿದ ಕಡೆ ಶೇ. 2.6. ಒಂದೇ ಆಸ್ಪತ್ರೆಯ ಫಲಿತಾಂಶ, ಐಸಿಯುವಿನಷ್ಟು ಗಂಭೀರ ರೋಗಿಗಳೂ ಅಲ್ಲ, ಆದ್ದರಿಂದ ಎಲ್ಲೆಡೆ ಹೀಗೇ ಆಗುತ್ತದೆ ಎನ್ನಲಾಗದು. ಆದರೂ ಈ ಅಂತರವನ್ನು ಒಮ್ಮೆ ಯೋಚಿಸಿ. ಈ ಕೆಲಸಕ್ಕೆ ಬೇಕಾದದ್ದು ದುಬಾರಿ ಯಂತ್ರವಲ್ಲ, ಹೇಗೆ ಮಾಡಬೇಕೆಂದು ಕಲಿತ ಮನೆಯವರು.

‘ಐಸಿಯುವಿಗೆ ಜನ ಬಿಟ್ಟರೆ ಸೋಂಕು ಹರಡುತ್ತದೆ’ ಎಂಬುದು ಆಸ್ಪತ್ರೆಗಳ ಮಾಮೂಲಿ ಉತ್ತರ. ಇದನ್ನು ಬ್ರೆಜಿಲ್‌ನವರು 36 ಐಸಿಯುಗಳಲ್ಲಿ, ಸುಮಾರು 1,700 ರೋಗಿಗಳಲ್ಲಿ ಪರೀಕ್ಷೆಗೊಡ್ಡಿದರು. ಕೆಲವು ಅವಧಿ ಹಳೆಯ ಪದ್ಧತಿಯಂತೆ ದಿನಕ್ಕೆ ಒಂದೂವರೆ ಗಂಟೆಯ ಆಸುಪಾಸು ಭೇಟಿ. ಕೆಲವು ಅವಧಿ ಹತ್ತಿರದ ಕುಟುಂಬದವರಿಗೆ ಮೊದಲು ತಿಳಿವಳಿಕೆ ಕೊಟ್ಟು ದಿನಕ್ಕೆ 12 ಗಂಟೆಯವರೆಗೆ ಅವಕಾಶ. 2019ರಲ್ಲಿ ಬಂದ ಫಲಿತಾಂಶದಲ್ಲಿ ಐಸಿಯು ಸೋಂಕು ಹೆಚ್ಚಲಿಲ್ಲ. ಬಾಗಿಲು ತೆರೆದಿದ್ದ ಅವಧಿಯಲ್ಲಿ ಶೇ. 3.7, ಮುಚ್ಚಿದ್ದಾಗ ಶೇ. 4.5. ಸಿಬ್ಬಂದಿಯ ಬಳಲಿಕೆಯೂ ಹೆಚ್ಚಲಿಲ್ಲ. ಮನೆಯವರ ಆತಂಕ, ಖಿನ್ನತೆ ಕಡಿಮೆಯಾಯಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಆ ಪ್ರಯೋಗ ಮುಖ್ಯವಾಗಿ ನೋಡಹೊರಟಿದ್ದು ಸನ್ನಿ ಕಡಿಮೆಯಾಗುತ್ತದೆಯೇ ಎಂಬುದನ್ನು. ಅದು ಗಣನೀಯವಾಗಿ ಕಡಿಮೆಯಾಗಲಿಲ್ಲ, ಶೇ. 18.9 ಮತ್ತು ಶೇ. 20.1. ನನ್ನ ಅಭಿಪ್ರಾಯದಲ್ಲಿ ಚೀನಾದ ಮತ್ತು ಬ್ರೆಜಿಲ್‌ನ ಫಲಿತಾಂಶಗಳನ್ನು ಜೊತೆಗಿಟ್ಟು ಓದಬೇಕು. ಬಾಗಿಲು ತೆರೆದರಷ್ಟೇ ಸಾಲದು, ಒಳಗೆ ಹೋದವರಿಗೆ ಕೆಲಸ ಇರಬೇಕು. ಕುರ್ಚಿಯಲ್ಲಿ ಕೂತು ಮೊಬೈಲ್ ನೋಡುವುದು ಸಂದರ್ಶನವೂ ಅಲ್ಲ, ಶುಶ್ರೂಷೆಯೂ ಅಲ್ಲ.

ಐಸಿಯು ಹುಟ್ಟಿದ್ದೇ ಹಾಸಿಗೆಯ ಪಕ್ಕ ಮನುಷ್ಯ ಕೂತದ್ದರಿಂದ ಎಂಬುದನ್ನು ಇಂದಿನ ಆಡಳಿತ ಮಂಡಳಿಗಳಿಗೆ ನೆನಪಿಸಬೇಕೆನಿಸುತ್ತದೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿ ಉಸಿರಾಡಲಾಗದ ಮಕ್ಕಳು ಸಾಯುತ್ತಿದ್ದಾಗ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರ ಗಂಟಲಿಗೆ ಕೊಳವೆ ಹಾಕಿ ರಬ್ಬರ್ ಚೀಲ ಒತ್ತಿ ಉಸಿರು ಕೊಡಿಸಿದರು. ಸಾಕಷ್ಟು ಯಂತ್ರಗಳಿರಲಿಲ್ಲ. ಸುಮಾರು 1,500 ವಿದ್ಯಾರ್ಥಿಗಳು ಸರದಿಯಲ್ಲಿ ಹಗಲೂ ರಾತ್ರಿ ಮಂಚದ ಪಕ್ಕ ಕೂತು ಕೈಯಿಂದ ಚೀಲ ಒತ್ತಿದರು. ಯಂತ್ರಗಳು ಬಂದಮೇಲೆ ಆ ಕುರ್ಚಿ ಖಾಲಿಯಾಯಿತು.

ನಿದ್ರೆ ಮದ್ದಿನ ವಿಷಯಕ್ಕೆ ಬರೋಣ. ಇಲ್ಲಿ ತಪ್ಪು ನಮ್ಮದೂ ಇದೆ. ವೆಂಟಿಲೇಟರ್‌ನಲ್ಲಿರುವ ತಾಯಿ ಕೈ ಅಲ್ಲಾಡಿಸಿದರೆ, ಕಣ್ಣಲ್ಲಿ ನೀರು ಬಂದರೆ ನಾವು ಸಹಿಸೆವು. ‘ಡಾಕ್ಟರೇ, ಅಮ್ಮನಿಗೆ ಕಷ್ಟ ಆಗಬಾರದು, ನಿದ್ರೆ ಬರಿಸಿಬಿಡಿ’ ಎಂದು ಬೇಡುತ್ತೇವೆ. ಪ್ರೀತಿಯಿಂದಲೇ ಹೇಳುವ ಮಾತು. ಆದರೆ ಶಿಕಾಗೊದಲ್ಲಿ 128 ರೋಗಿಗಳ ಮೇಲೆ ನಡೆದ ಪ್ರಯೋಗ 2000ದಲ್ಲೇ ಬೇರೆ ಮಾತು ಹೇಳಿತು. ದಿನಕ್ಕೊಮ್ಮೆ ಮಂಪರು ಔಷಧ ನಿಲ್ಲಿಸಿ ಎಚ್ಚರಿಸಿದವರು ಸುಮಾರು 4.9 ದಿನಗಳಲ್ಲಿ ವೆಂಟಿಲೇಟರ್‌ನಿಂದ ಹೊರಬಂದರೆ, ಹಾಗೆ ಮಾಡದವರಿಗೆ 7.3 ದಿನ ಬೇಕಾಯಿತು. 2008ರಲ್ಲಿ 336 ರೋಗಿಗಳ ಇನ್ನೊಂದು ಅಧ್ಯಯನ, ಎಚ್ಚರಿಸುವುದರ ಜೊತೆಗೆ ಸ್ವಂತ ಉಸಿರಾಟದ ಪರೀಕ್ಷೆಯನ್ನೂ ದಿನವೂ ಮಾಡಿದರೆ, ಒಂದು ವರ್ಷದೊಳಗೆ ಪ್ರತಿ ಏಳು ರೋಗಿಗಳಲ್ಲಿ ಒಂದು ಜೀವ ಹೆಚ್ಚು ಉಳಿಯಿತೆಂದು ತೋರಿಸಿತು. ಮದ್ದೇ ಬೇಡವೆಂದಲ್ಲ. 2020ರಲ್ಲಿ ಉತ್ತರ ಯುರೋಪಿನ ದೇಶಗಳ 710 ರೋಗಿಗಳಲ್ಲಿ ಪೂರ್ತಿ ಮದ್ದಿಲ್ಲದೆ ನೋಡಿದಾಗ, ಹಗುರ ಮದ್ದು ಕೊಟ್ಟು ದಿನವೂ ಎಚ್ಚರಿಸಿದವರಿಗಿಂತ ಹೆಚ್ಚು ಮಂದಿ ಬದುಕಿದ್ದು ಕಾಣಲಿಲ್ಲ. ನೋವಿಗೆ ಮದ್ದು ಬೇಕೇ ಬೇಕು. ಆದರೆ ‘ಮಲಗಿಸಿಬಿಡಿ’ ಎನ್ನುವ ಬದಲು ‘ಇಂದು ಎಷ್ಟು ಎಚ್ಚರಿದ್ದಾರೆ? ಮಂಪರು ಮದ್ದು ಕಡಿಮೆ ಮಾಡಲು ಸಾಧ್ಯವೇ?’ ಎಂದು ಕೇಳಿ. ಆಕೆ ಎಚ್ಚರಾದಾಗ ಎದುರಿಗೆ ಪರಿಚಿತ ಮುಖವೊಂದಿದ್ದರೆ ಆ ಕಣ್ಣೀರನ್ನು ಒರೆಸುವವರೂ ಇರುತ್ತಾರೆ.

ಹಾಸಿಗೆಯ ಪಕ್ಕ ಇರುವವರು ಏನು ಮಾಡಬೇಕು? ಮೊದಲನೆಯದು ಭಾಷೆ. ಐಸಿಯುವಿನಲ್ಲಿ ಸನ್ನಿಯನ್ನು ಗುರುತಿಸುವುದೇ ಪ್ರಶ್ನೆ ಕೇಳಿ, ‘ಈ ಅಕ್ಷರ ಕೇಳಿದಾಗ ಕೈ ಹಿಸುಕಿ’ ಎಂಬಂಥ ಸೂಚನೆ ಕೊಟ್ಟು. ಬ್ಯಾರಿ ಬಿಟ್ಟು ಬೇರೆ ಮಾತು ಬಾರದ ಅಜ್ಜಿಗೆ, ಭಟ್ಕಳದ ನವಾಯತಿ ಮಾತಾಡುವ ಅಜ್ಜನಿಗೆ, ಉರ್ದು ಮಾತ್ರ ತಿಳಿದವರಿಗೆ ಬೇರೆ ರಾಜ್ಯದಿಂದ ಬಂದ ನರ್ಸ್ ಏನೆಂದು ಕೇಳಿಯಾಳು? ಉತ್ತರ ಬರಲಿಲ್ಲವೆಂದರೆ ಅದು ಸನ್ನಿಯೋ ಭಾಷೆಯೋ ಎಂದು ಹೇಳಬಲ್ಲವರು ನೀವೇ. ‘ನಮ್ಮ ಅಬ್ಬ ನಿನ್ನೆಯವರೆಗೆ ಹೀಗಿರಲಿಲ್ಲ’ ಎಂಬ ನಿಮ್ಮ ಒಂದು ವಾಕ್ಯ ವೈದ್ಯರಿಗೆ ದೊಡ್ಡ ಸುಳಿವು.

ಎರಡನೆಯದು ಹೊತ್ತು. ಈ ವಿಷಯದಲ್ಲಿ ನಮಗೆ ಅಲ್ಲಾಹನು ಕೊಟ್ಟ ವ್ಯವಸ್ಥೆಯೇ ಇದೆ. ಅರುವತ್ತು ವರ್ಷ ಐದು ಹೊತ್ತು ನಮಾಝ್ ಮಾಡಿದವರಿಗೆ ಗಡಿಯಾರಕ್ಕಿಂತ ಚೆನ್ನಾಗಿ ಅರ್ಥವಾಗುವುದು ‘ಈಗ ಫಜ್ರ್ ಆಯಿತು, ಬೆಳಗಾಗಿದೆ’, ‘ಮಗ್ರಿಬ್ ಆಯಿತು, ಸೂರ್ಯ ಮುಳುಗಿದ’ ಎಂಬ ಮಾತು. ಅವರ ಕೈ ಹಿಡಿದು ಮೆಲ್ಲಗೆ ಹೇಳಿ. ಎಚ್ಚರವಿದ್ದು ಶಕ್ತಿಯಿದ್ದರೆ ಮಲಗಿದಲ್ಲೇ ಸನ್ನೆಯಿಂದ ನಮಾಝ್ ಮಾಡಲು ಧರ್ಮದಲ್ಲಿ ಅವಕಾಶವಿದೆ. ತಯಮ್ಮುಮ್‌ನ ವಿಧಾನವನ್ನು ಉಸ್ತಾದರಲ್ಲಿ ಕೇಳಿ ತಿಳಿಯಿರಿ, ಆದರೆ ನಿಗಾ ಘಟಕದೊಳಗೆ ಮಣ್ಣು ತರುವ ಮುನ್ನ ನರ್ಸ್ ಒಪ್ಪಿಗೆ ಬೇಕು. ಬುದ್ಧಿ ಸ್ಥಿಮಿತದಲ್ಲಿಲ್ಲದವರು ಆಡಿದ ಮಾತಿಗೆ ಅವರು ಹೊಣೆಗಾರರಲ್ಲ ಎಂಬುದೂ ನಮ್ಮ ಕರ್ಮಶಾಸ್ತ್ರದ ಮೂಲಪಾಠ. ಸನ್ನಿಯಲ್ಲಿ ಆಡಿದ ಬೈಗುಳಕ್ಕೆ, ಇನ್ನೂ ಕೆಟ್ಟ ಮಾತಿಗೆ ಮಕ್ಕಳು ನಾಚಿ ತಲೆ ತಗ್ಗಿಸಬೇಕಾಗಿಲ್ಲ, ಅದನ್ನು ಊರಲ್ಲಿ ಹೇಳಿಕೊಂಡು ತಿರುಗಲೂಬಾರದು.

ದುಆ ಮಾಡಿ, ಓದಿ ಊದಿಸಿ, ಬೇಡವೆನ್ನುವವರು ಯಾರು? ಆದರೆ ಮೊದಲು ವೈದ್ಯರಿಗೆ ತಿಳಿಸಿ, ಆಮೇಲೆ ಕಾರು ಕಳುಹಿಸಿ. ಸೋಂಕು ಏರುತ್ತಿರುವಾಗ ಒಂದು ರಾತ್ರಿ ಕಳೆದುಹೋದರೆ ಅದರ ಬೆಲೆ ದೊಡ್ಡದು.

ಝಮ್‌ಝಮ್ ನೀರಿನ ಬಗ್ಗೆ ಕಟ್ಟುನಿಟ್ಟಾಗಿ ಹೇಳಲೇಬೇಕು. ಯಾರೂ ನೋಡದ ಹೊತ್ತಿನಲ್ಲಿ ಮಂಪರಿನಲ್ಲಿರುವವರ ಬಾಯಿಗೆ ಒಂದು ಚಮಚ ಹನಿಸುವವರಿದ್ದಾರೆ. ನುಂಗುವ ಶಕ್ತಿ ಇಲ್ಲದವರ ಗಂಟಲಿಗಿಳಿದ ನೀರು ಹೊಟ್ಟೆಗೆ ಹೋಗುವುದಿಲ್ಲ, ಶ್ವಾಸಕೋಶಕ್ಕೆ ಇಳಿಯುತ್ತದೆ. ಅದರಿಂದ ನ್ಯುಮೋನಿಯಾ ಬಂದು ಜೀವವೇ ಹೋಗಬಹುದು. ನರ್ಸ್ ಒಪ್ಪಿದರೆ ಹತ್ತಿಯಲ್ಲಿ ಅದ್ದಿ ತುಟಿ ಒದ್ದೆ ಮಾಡಿ. ಅಷ್ಟು ಸಾಕು.

ಇನ್ನು ಕೈಯ ಶುಚಿತ್ವ. ವುಝೂ ಮಾಡಿ ಬಂದಿದ್ದೇನೆ ಎಂಬುದು ಇಲ್ಲಿ ಸಾಲದು. ಬಾಗಿಲ ಹಿಡಿ, ಮೊಬೈಲ್, ಲಿಫ್ಟಿನ ಗುಂಡಿ ಮುಟ್ಟಿಯೇ ನೀವು ಹಾಸಿಗೆ ತಲುಪುವುದು. ರೋಗಿಯನ್ನು ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಕೈಗೆ ದ್ರಾವಣ ಹಚ್ಚಿ ಒಣಗುವವರೆಗೆ ಉಜ್ಜಬೇಕು. ಅದರಲ್ಲಿ ಆಲ್ಕೋಹಾಲ್ ಇದೆಯೆಂದು ಹಿಂಜರಿಯುವವರು ಇನ್ನೂ ಇದ್ದಾರೆ. ರೋಗಾಣು ಕೊಲ್ಲಲು ಮೈಮೇಲೆ ಆಲ್ಕೋಹಾಲ್ ಬಳಸಬಹುದೆಂದು ಮಕ್ಕಾದಲ್ಲಿ ಸೇರಿದ್ದ ಮುಸ್ಲಿಮ್ ವರ್ಲ್ಡ್ ಲೀಗ್‌ನ ಫಿಕ್ಹ್ ಮಂಡಳಿ 2002ರಲ್ಲೇ ಹೇಳಿದೆ. ಕೆಮ್ಮು ನೆಗಡಿ ಇದ್ದವರು ಹೋಗಲೇಬಾರದು, ಮಗನೇ ಆಗಿರಲಿ.

ಆಸ್ಪತ್ರೆಗಳಿಗೂ ಒಂದು ಮಾತು. ನಿಮ್ಮ ಕಷ್ಟ ನಿಜ. ಒಂದು ಹಾಲ್‌ನಲ್ಲಿ ಹತ್ತು ಮಂಚ, ನಡುವೆ ಒಂದು ಪರದೆ, ಜಾಗವಿಲ್ಲ, ನರ್ಸ್‌ಗಳ ಸಂಖ್ಯೆ ಸಾಲದು. ಹೊರಗೆ ಗುಂಪುಗೂಡಿ ಜೋರು ಮಾಡುವವರನ್ನು ನೋಡಿದ ಮೇಲೆ ಬಾಗಿಲು ತೆರೆಯಲು ಯಾರಿಗೆ ಧೈರ್ಯ ಬಂದೀತು? ಅದನ್ನು ಸರಿಪಡಿಸುವುದು ನಮ್ಮ ಹೊಣೆ. ಆದರೆ ಪ್ರತಿ ರೋಗಿಗೆ ಒಬ್ಬರು, ಹೆಸರು ನೋಂದಾಯಿಸಿ, ಅರ್ಧ ಗಂಟೆ ತಿಳಿವಳಿಕೆ ಕೊಟ್ಟು ಹಗಲಿಡೀ ಕೂರಲು ಬಿಡುವುದು ಅಸಾಧ್ಯವಲ್ಲ. ಹೆಣ್ಣುಮಕ್ಕಳ ಪಕ್ಕ ಹೆಣ್ಣುಮಗಳೊಬ್ಬಳು ಇದ್ದರೆ ಅವರ ಮೈ ಮುಚ್ಚುವ, ಮಾನ ಕಾಯುವ ವಿಷಯದಲ್ಲೂ ಕುಟುಂಬಕ್ಕೆ ನೆಮ್ಮದಿ. ನಮ್ಮ ಜಮಾಅತ್‌ಗಳು ರಕ್ತದಾನಕ್ಕೆ, ಆಂಬುಲೆನ್ಸ್‌ಗೆ ಯುವಕರನ್ನು ಸಂಘಟಿಸಿವೆ. ಐಸಿಯು ಕುಟುಂಬಗಳಿಗೆ ದಾರಿ ಹೇಳಲು, ಬಂದ ಬಂಧುಗಳನ್ನು ನಯವಾಗಿ ಮನೆಗೆ ಕಳುಹಿಸಲು, ಸರದಿ ಪಟ್ಟಿ ಮಾಡಲು ಊರಿಗೆ ಇಬ್ಬರು ಗಂಡಸರು, ಇಬ್ಬರು ಹೆಂಗಸರು ತಯಾರಾದರೆ ಸಾಕು.

ಹಿರಿಯರ ಮಾತಿಗೆ ಮರಳುತ್ತೇನೆ. ಅಂದು ಕಾರು ಹೊರಟ ಮೇಲೆ ಅವರ ಮಗಳು ನರ್ಸ್ ಬಳಿ ಹೋಗಿ ‘ನನ್ನನ್ನು ಗುರುತಿಸುತ್ತಿಲ್ಲ, ಇವರು ಹೀಗಿದ್ದವರಲ್ಲ’ ಎಂದು ಹಟ ಹಿಡಿದು ಹೇಳಿದಳು. ವೈದ್ಯರು ಬಂದು ಪರೀಕ್ಷೆ ಮಾಡಿಸಿದಾಗ ಮೂತ್ರದ ಸೋಂಕು ಸಿಕ್ಕಿತು, ಔಷಧ ಬದಲಾಯಿತು. ಆಕೆಗೆ ಪಕ್ಕದಲ್ಲಿ ಕೂರಲು ಅನುಮತಿಯೂ ಸಿಕ್ಕಿತು. ಅಷ್ಟರಲ್ಲಿ ಆಕೆಗೆ ಒಂದು ವಿಷಯ ಹೊಳೆಯಿತು. ಶಸ್ತ್ರಚಿಕಿತ್ಸೆಗೆ ಕರೆದೊಯ್ಯುವಾಗ ಕಳಚಿಕೊಟ್ಟ ತಂದೆಯ ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ಟು ಮೂರೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ, ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿದ್ದ ಇನ್ನೊಂದು ಕಾರಿನಲ್ಲೇ ಉಳಿದಿದ್ದವು. ಮೂರು ದಿನ ಆ ಮನುಷ್ಯ ಏನನ್ನೂ ಸರಿಯಾಗಿ ಕಂಡಿರಲಿಲ್ಲ, ಯಾರ ಮಾತೂ ಅವರಿಗೆ ಕೇಳಿಸಿರಲಿಲ್ಲ.

ಪೂರ್ತಿ ಸರಿಹೋಗಲು ಇನ್ನೂ ನಾಲ್ಕೈದು ದಿನ ಹಿಡಿಯಿತು. ಮನೆಗೆ ಬಂದ ಮೇಲೂ ಕೆಲವು ತಿಂಗಳು ಅಂಗಡಿಯ ಲೆಕ್ಕ ತಪ್ಪುತ್ತಿತ್ತು, ಕೆಲವೊಮ್ಮೆ ಎರಡನೆಯ ರಕಅತೋ ಮೂರನೆಯದೋ ಎಂದು ಗೊಂದಲವಾಗುತ್ತಿತ್ತು. ಆಗ ಪಕ್ಕದಲ್ಲಿ ನಿಂತ ಮೊಮ್ಮಗ ಮೆಲ್ಲನೆ ಹೇಳಿಕೊಡುತ್ತಿದ್ದ. ಇರುವೆಗಳು ಏನಾಗಿದ್ದವು ಎಂದು ಅವರನ್ನೇ ಒಮ್ಮೆ ಕೇಳಿದೆ. ಮಾಡಿನ ಹಲಗೆಗಳಲ್ಲಿದ್ದ ಸಣ್ಣ ಸಣ್ಣ ತೂತುಗಳಂತೆ.